ನಿದ್ದೆಯೂ ಪಾಠದ ಒಂದು ಭಾಗ

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಮಕ್ಕಳ ನಿದ್ದೆಗೆ. ರಾತ್ರಿ ಹನ್ನೆರಡರವರೆಗೂ ದೀಪ ಉರಿಯುತ್ತಿದ್ದರೆ ಮಗ ಶ್ರಮಜೀವಿ, ಹತ್ತು ಗಂಟೆಗೇ ಮಲಗಿದರೆ ಸೋಮಾರಿ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ನಿದ್ದೆಯೆಂದರೆ ವ್ಯರ್ಥವಾಗಿ ಕಳೆದುಹೋಗುವ ಸಮಯ ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಮನಶ್ಶಾಸ್ತ್ರ ಹೇಳುವುದು ಬೇರೆ. ಪುಸ್ತಕ ಮುಚ್ಚಿದಾಗ ಪಾಠ ಮುಗಿಯುವುದಿಲ್ಲ. ಅದರ ಉಳಿದ ಕೆಲಸ ನಿದ್ದೆಯಲ್ಲಿ ನಡೆಯುತ್ತದೆ.

ಕುರ್‌ಆನ್ ನಿದ್ದೆಯನ್ನು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದಾಗಿ ಎಣಿಸಿದೆ. ದಿನವೂ ಅನುಭವಿಸುವ ಈ ಅನುಗ್ರಹದ ಬಗ್ಗೆ ನಾವು ಎಷ್ಟು ಯೋಚಿಸಿದ್ದೇವೆ?

ನಿದ್ದೆಯಲ್ಲಿ ನಡೆಯುವುದೇನು?

ನಿದ್ದೆ ಒಂದೇ ಸಮನಾದ ಸ್ಥಿತಿಯಲ್ಲ. ಸುಮಾರು 90 ನಿಮಿಷಗಳ ಸುತ್ತುಗಳಾಗಿ ಅದು ಸಾಗುತ್ತದೆ. ಪ್ರತಿಯೊಂದು ಸುತ್ತಿನಲ್ಲೂ ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಎಂಬ ಹಂತಗಳಿವೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಈ ಕೊನೆಯ ಹಂತವನ್ನು 1953ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಜಗತ್ತಿಗೆ ತಿಳಿಸಿದರು. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಹೆಚ್ಚು. ಮಕ್ಕಳ ಬೆಳವಣಿಗೆಗೆ ಬೇಕಾದ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಆಗಲೇ. ಬೆಳಗಿನ ಜಾವದ ಕಡೆಗೆ ಕನಸಿನ ನಿದ್ದೆ ಹೆಚ್ಚುತ್ತದೆ.

ಹಗಲು ಕಲಿತದ್ದು ಮೊದಲು ಮೆದುಳಿನ ಒಂದು ಸಣ್ಣ ಭಾಗದಲ್ಲಿ ತಾತ್ಕಾಲಿಕವಾಗಿ ಸಂಗ್ರಹವಾಗುತ್ತದೆ. ನಿದ್ದೆಯಲ್ಲಿ ಮೆದುಳು ಅದನ್ನು ಮತ್ತೆ ಮತ್ತೆ ಮೆಲುಕು ಹಾಕಿ ಶಾಶ್ವತ ಜಾಗಕ್ಕೆ ಸಾಗಿಸುತ್ತದೆ. ಸುಗ್ಗಿಯಲ್ಲಿ ಕಣದ ರಾಶಿಯನ್ನು ಮನೆಯ ಕಣಜಕ್ಕೆ ತುಂಬಿದಂತೆ. ಕಣದಲ್ಲೇ ಬಿಟ್ಟ ಕಾಳು ಯಾರ ಪಾಲಾಗುತ್ತದೆಂದು ಮಾನ್ವಿಯ ರೈತನಿಗೆ ಹೇಳಿಕೊಡಬೇಕಾಗಿಲ್ಲ.

ಮರೆವು ಮತ್ತು ಪುನರಾವರ್ತನೆ

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದನು. ಮೊದಲ ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಜಾರಿಹೋಗಿತ್ತು. ಬಳಿಕ ಮರೆವಿನ ವೇಗ ಕಡಿಮೆಯಾಯಿತು. 1924ರಲ್ಲಿ ಅಮೇರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಂದ ಅಂಥದೇ ಪಟ್ಟಿಗಳನ್ನು ಬಾಯಿಪಾಠ ಮಾಡಿಸಿದರು. ಕಲಿತ ಮೇಲೆ ಮಲಗಿದಾಗ ಮರೆತದ್ದು ಕಡಿಮೆ, ಅಷ್ಟೇ ಹೊತ್ತು ಎಚ್ಚರವಿದ್ದಾಗ ಮರೆತದ್ದು ಹೆಚ್ಚು ಎಂದು ಕಂಡುಬಂತು.

ಹಿಫ್ಝ್ ಮದ್ರಸಾಗಳ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಅಲ್ಲಿ ಮಗು ಹೊಸ ಪಾಠವಾದ ಸಬಕ್ ಮಾತ್ರ ಒಪ್ಪಿಸುವುದಿಲ್ಲ. ಕಳೆದ ಕೆಲವು ದಿನಗಳ ಸಬಕಿಯನ್ನೂ ಹಳೆಯ ಭಾಗವಾದ ಆಮೂಖ್ತಾವನ್ನೂ ಸರದಿಯಂತೆ ಓದಿ ಒಪ್ಪಿಸಬೇಕು. ರಾತ್ರಿ ಬಾಯಿಪಾಠ ಮಾಡಿ ಮಲಗಿ, ಫಜ್ರ್‌ನ ನಂತರ ಉಸ್ತಾದರ ಮುಂದೆ ಕುಳಿತುಕೊಳ್ಳುವುದು ರೂಢಿ. ಸ್ವಲ್ಪ ಸ್ವಲ್ಪವಾಗಿ ಕಲಿಯುವುದು, ನಡುವೆ ಮಲಗುವುದು, ಬಿಡುವು ಕೊಟ್ಟು ಪುನರಾವರ್ತಿಸುವುದು, ಇವು ಮೂರೂ ಕಲಿಕೆಯ ಮನಶ್ಶಾಸ್ತ್ರ ಒಪ್ಪುವ ವಿಧಾನಗಳು. ಕುರ್‌ಆನ್ ಕಂಠಪಾಠಕ್ಕೆ ಬಳಸುವ ಈ ಜಾಣ್ಮೆಯನ್ನು ಗಣಿತ, ವಿಜ್ಞಾನಗಳಿಗೆ ಬಳಸಲು ನಾವೇಕೆ ಮರೆಯುತ್ತೇವೆ?

ವಯಸ್ಸಿಗೆ ತಕ್ಕ ನಿದ್ದೆ

ಹುಟ್ಟಿದ ಶಿಶುವಿಗೆ ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಬೇಕು. ಅದರಲ್ಲಿ ಹೆಚ್ಚುಕಡಿಮೆ ಅರ್ಧಭಾಗ ಕನಸಿನ ನಿದ್ದೆಯನ್ನು ಹೋಲುವ ನಿದ್ದೆ. ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ, ಆರರಿಂದ ಹದಿಮೂರರವರಿಗೆ 9ರಿಂದ 11 ಗಂಟೆ, ಹದಿನಾಲ್ಕರಿಂದ ಹದಿನೇಳರವರಿಗೆ 8ರಿಂದ 10 ಗಂಟೆ, ವಯಸ್ಕರಿಗೆ 7ರಿಂದ 9 ಗಂಟೆ ಎಂದು ತಜ್ಞರು ಹೇಳುತ್ತಾರೆ.

ತಾಯಿ ತಂದೆಯರು ಹದಿಹರೆಯದ ಬಗ್ಗೆ ಒಂದು ಸಂಗತಿ ತಿಳಿದಿರಬೇಕು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ಹಿಂದೆ ಸರಿಯುತ್ತದೆ. ಹತ್ತು ಗಂಟೆಗೆ ನಿದ್ದೆ ಬಾರದಿರುವುದು, ಬೆಳಿಗ್ಗೆ ಏಳಲು ಕಷ್ಟವಾಗುವುದು ಕೇವಲ ಹಟವಲ್ಲ. ಅದರ ಮೇಲೆ ಮೊಬೈಲಿನ ಬೆಳಕು ಬಿದ್ದರೆ ನಿದ್ದೆ ಇನ್ನಷ್ಟು ದೂರ ಸರಿಯುತ್ತದೆ. ಬೈಗುಳದಿಂದ ಈ ಗಡಿಯಾರ ಸರಿಹೋಗದು. ಬೆಳಗಿನ ಸೂರ್ಯನ ಬೆಳಕು ಮತ್ತು ನಿಗದಿತ ವೇಳೆಗೆ ಏಳುವ ಅಭ್ಯಾಸ ಅದನ್ನು ಸರಿಪಡಿಸುತ್ತವೆ. ಫಜ್ರ್‌ಗೆ ಎದ್ದು ಮಸೀದಿಗೆ ನಡೆದು, ಬೆಳಕು ಹರಿಯುವಾಗ ಮನೆಗೆ ಮರಳುವ ಹುಡುಗನಿಗೆ ಈ ಎರಡೂ ಒದಗುತ್ತವೆ. ಆದರೆ ಅವನು ಇಶಾ ಮುಗಿಸಿ ಬೇಗನೆ ಮಲಗಿದ್ದರೆ ಮಾತ್ರ. ಪ್ರವಾದಿವರ್ಯರು(ಸ) ಇಶಾದ ಬಳಿಕ ಹರಟೆಯನ್ನು ಇಷ್ಟಪಡುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ನಮ್ಮ ಊರುಗಳ ರಾತ್ರಿಗಳು

ಇಷ್ಟೆಲ್ಲ ತಿಳಿದರೂ ರಾಯಚೂರಿನಲ್ಲಿ ನೆಮ್ಮದಿಯ ನಿದ್ದೆ ಸುಲಭವಲ್ಲ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಬೇಸಿಗೆಯಲ್ಲಿ ಇಲ್ಲಿ ಹಗಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾಂಕ್ರೀಟಿನ ಛಾವಣಿ ಆ ಶಾಖವನ್ನು ಹೀರಿಕೊಂಡು ರಾತ್ರಿಯಿಡೀ ಕೋಣೆಯೊಳಕ್ಕೆ ಬಿಡುತ್ತದೆ. ಸಂಜೆ ಮಾಳಿಗೆಗೆ ನೀರು ಚಿಮುಕಿಸಿ ಅಲ್ಲೇ ಹಾಸಿಗೆ ಹಾಸುವ ಹಿರಿಯರ ರೂಢಿ ಇದಕ್ಕೆ ಒಳ್ಳೆಯ ಪರಿಹಾರ. ಕಾಲುವೆ ನೀರಿನ ಭತ್ತದ ಗದ್ದೆಗಳಿರುವ ಮಾನ್ವಿ, ದೇವದುರ್ಗದ ಕಡೆ ಸೊಳ್ಳೆ ಪರದೆಯೂ ಬೇಕು. ಪರದೆಯೂ ಪಠ್ಯಪುಸ್ತಕದಷ್ಟೇ ಅಗತ್ಯದ ವಸ್ತುವೆಂದು ತಿಳಿಯಿರಿ.

ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಎಷ್ಟೋ ಮನೆಗಳ ಹೆಣ್ಣುಮಕ್ಕಳು ನಸುಕಿನಲ್ಲೇ ಎದ್ದು ಮನೆಗೆಲಸ ಮುಗಿಸಿ ಹೊಲಕ್ಕೋ ಶಾಲೆಗೋ ಓಡುತ್ತಾರೆ. ಇತ್ತ 1985ರಲ್ಲಿ ಮೊದಲ ಘಟಕ ಆರಂಭವಾದ ಶಕ್ತಿನಗರದ ವಿದ್ಯುತ್ ಸ್ಥಾವರದಂತಹ ಕಡೆ ತಂದೆ ರಾತ್ರಿ ಪಾಳಿಯಲ್ಲಿದ್ದರೆ ಇಡೀ ಮನೆಯ ವೇಳಾಪಟ್ಟಿ ಏರುಪೇರಾಗುತ್ತದೆ. ತರಗತಿಯಲ್ಲಿ ತೂಕಡಿಸುವ ಮಗುವನ್ನು ದಡ್ಡನೆಂದು ಕರೆಯುವ ಮೊದಲು ಅದು ಎಷ್ಟು ಗಂಟೆ ಮಲಗಿತ್ತೆಂದು ವಿಚಾರಿಸಿರಿ. ನಿದ್ದೆಗೆಟ್ಟ ಮಗುವಿಗೆ ಗಮನ ನಿಲ್ಲದು, ಸಿಟ್ಟು ಬೇಗ ಬರುತ್ತದೆ. ಅನೇಕ ಸಲ ನಾವು ಅದನ್ನು ಬುದ್ಧಿಯ ಕೊರತೆಯೆಂದೋ ನಡತೆಯ ದೋಷವೆಂದೋ ತಪ್ಪು ತಿಳಿಯುತ್ತೇವೆ.

ರಮಝಾನ್ ಮತ್ತು ಪರೀಕ್ಷೆ

2025ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಮಾರ್ಚ್ 21ರಂದು ಆರಂಭವಾದಾಗ ರಮಝಾನಿನ ಕೊನೆಯ ದಿನಗಳು ನಡೆಯುತ್ತಿದ್ದವು. ತರಾವೀಹ್, ಸಹರಿ, ಉಪವಾಸ, ಬಿಸಿಲು, ಪರೀಕ್ಷೆ ಎಲ್ಲವೂ ಒಟ್ಟಿಗೆ ಬಂದಾಗ ನಿದ್ದೆ ತುಂಡುತುಂಡಾಗುತ್ತದೆ. ಅಂತಹ ಸಂದರ್ಭಗಳಲ್ಲಿ ಈ ಕ್ರಮಗಳು ನೆರವಾದಾವು:

1. ತರಾವೀಹ್ ಮುಗಿದೊಡನೆ ಮಗು ಮಲಗಲಿ. ಬಜಾರಿನ ಸುತ್ತಾಟ ಹಬ್ಬದ ರಜೆಗೆ ಇರಲಿ.

2. ಓದು ಸಹರಿಯ ನಂತರ, ಫಜ್ರ್ ಮುಗಿಸಿ ನಡೆಯಲಿ.

3. ಪರೀಕ್ಷೆ ಮುಗಿಸಿ ಬಂದ ಮೇಲೆ ಮಧ್ಯಾಹ್ನ ಸ್ವಲ್ಪ ಮಲಗಲಿ. ಈ ಕೈಲೂಲಾ ಪ್ರವಾದಿವರ್ಯರ(ಸ) ಕಾಲದಿಂದಲೂ ರೂಢಿಯಲ್ಲಿರುವುದು.

4. ಮಲಗುವ ಮುನ್ನ ಚಹಾ ಬೇಡ. ಅದರ ಪರಿಣಾಮ ಹಲವು ಗಂಟೆ ಉಳಿಯುತ್ತದೆ.

5. ಮೊಬೈಲ್ ರಾತ್ರಿ ತಾಯಿಯ ಬಳಿ ಇರಲಿ. ತಂದೆಯ ಮೊಬೈಲೂ ಅಲ್ಲೇ ಇದ್ದರೆ ಮಾತಿಗೆ ತೂಕ ಬರುತ್ತದೆ.

ರಾತ್ರಿಯಿಡೀ ನಮಾಝ್‌ನಲ್ಲಿ ಕಳೆಯಬಯಸಿದ ಅಬೂದರ್ದಾರನ್ನು(ರ) ಸಲ್ಮಾನ್ ಫಾರಿಸಿ(ರ) ತಡೆದು ಮಲಗಿಸಿ, ರಾತ್ರಿಯ ಕೊನೆಯ ಭಾಗದಲ್ಲಿ ಎಬ್ಬಿಸಿದರೆಂದೂ ಪ್ರವಾದಿವರ್ಯರು(ಸ) ಸಲ್ಮಾನರನ್ನೇ ಸಮರ್ಥಿಸಿದರೆಂದೂ ಹದೀಸ್‌ಗಳಲ್ಲಿದೆ. ಆರಾಧನೆಗಾಗಿಯೂ ದೇಹದ ಹಕ್ಕನ್ನು ಕಸಿಯಬಾರದೆಂದಾದರೆ, ಅಂಕಗಳಿಗಾಗಿ ಕಸಿಯುವುದು ಎಷ್ಟು ಸರಿ? ಇಂದು ರಾತ್ರಿ ನಿಮ್ಮ ಮಗು ತೂಕಡಿಸುತ್ತಾ ಪುಸ್ತಕ ಹಿಡಿದು ಕುಳಿತಿದ್ದರೆ, ಪ್ರೀತಿಯಿಂದ ಅದನ್ನು ಮುಚ್ಚಿ ದೀಪ ಆರಿಸಿರಿ. ಆ ಪಾಠವನ್ನು ಬೆಳಿಗ್ಗೆ ಅದರ ಬಾಯಿಂದಲೇ ಕೇಳಿರಿ.