ಚಂದ್ರಂಪಳ್ಳಿಗೆ ಹೊರಟ ಮಕ್ಕಳಿಗೆ

ತಮ್ಮಾ, ಮುಂದಿನ ತಿಂಗಳು ಹೆಂಡತಿ ಮಕ್ಕಳನ್ನು ಕರಕೊಂಡು ಚಂದ್ರಂಪಳ್ಳಿ ಕೆರೆ ಹತ್ತಿರ ಡೇರೆಯಲ್ಲಿ ಎರಡು ರಾತ್ರಿ ಇರುತ್ತೀರಿ ಎಂದು ಕೇಳಿ ಬಹಳ ಹಿಗ್ಗಾಯಿತು. ಮಕ್ಕಳು ಮೊಬೈಲಿನಲ್ಲಿ ಕೀನ್ಯಾದ ನೈವಾಶಾ ಸರೋವರದ ದಂಡೆಯಲ್ಲಿ ಡೇರೆ ಹಾಕಿದವರನ್ನು ನೋಡಿ ಅಲ್ಲಿಗೇ ಹೋಗೋಣ ಎಂದು ಹಟ ಹಿಡಿದಿದ್ದವಂತೆ. ಅಷ್ಟು ದೂರದ ಖರ್ಚು ತೂಗುವುದಿಲ್ಲ ಎಂದು ಚಿಂಚೋಳಿ ಅಡವಿ ಆರಿಸಿದಿರಿ ಎಂದು ಸೊಸೆ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು. ಅದನ್ನು ಮಕ್ಕಳ ಮುಂದೆ ತೋರಿಸಬೇಡಿರಿ. ನೀವು ಹೊರಟದ್ದು ಸಣ್ಣ ಜಾಗಕ್ಕಲ್ಲ.

ಕುಸನೂರದಿಂದ ಎರಡು ತಾಸಿನ ದಾರಿ ಅಷ್ಟೇ. ಆದರೆ ನಮ್ಮ ಎರೆಭೂಮಿ ಹಿಂದೆ ಬಿದ್ದು, ಕೆಂಪು ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳು ಎದುರಾದಾಗ ನಾಡೇ ಬೇರೆ ಅನ್ನಿಸುತ್ತದೆ. 2011ರಲ್ಲಿ ಸರ್ಕಾರ ಈ ಚಿಂಚೋಳಿ ಅಡವಿಯನ್ನು ವನ್ಯಜೀವಿಧಾಮ ಎಂದು ಘೋಷಿಸಿತು. ಸುಮಾರು 135 ಚದರ ಕಿಲೋಮೀಟರ್ ಅಡವಿ. ತೇಗ, ಜಾಲಿ, ಶ್ರೀಗಂಧ, ರಕ್ತಚಂದನ ಬೆಳೆದ ಒಣಕಾಡು. ಒಳಗೆ ತೋಳ, ನರಿ, ಕತ್ತೆಕಿರುಬ, ಚಿಗರಿ, ಕೊಂಡುಕುರಿ ಇವೆ. ಹುಲಿ ಸಿಂಹ ಇಲ್ಲ ಎಂದು ಮಕ್ಕಳಿಗೆ ಹೊರಡುವ ಮೊದಲೇ ಹೇಳಿಬಿಡು. ಇಲ್ಲದ್ದನ್ನು ಹುಡುಕುತ್ತ ಹೋದ ಕಣ್ಣಿಗೆ ಇದ್ದದ್ದೂ ಕಾಣದೆ ಹೋಗುತ್ತದೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ನೀರಿನ ವಿಷಯ. ನೈವಾಶಾದಲ್ಲಿ ನೀರಾನೆಗಳು ಹಗಲೆಲ್ಲ ನೀರಿನಲ್ಲಿದ್ದು, ಕತ್ತಲಾದ ಮೇಲೆ ಹುಲ್ಲು ಮೇಯಲು ದಂಡೆಗೆ ಏರುತ್ತವೆ. ಅದಕ್ಕೇ ಅಲ್ಲಿನ ಡೇರೆ ಜಾಗಗಳಲ್ಲಿ ದಂಡೆಗುಂಟ ಕರೆಂಟಿನ ತಂತಿ ಎಳೆದು, ರಾತ್ರಿ ಅದನ್ನು ದಾಟಬೇಡಿ ಎನ್ನುತ್ತಾರೆ. ನೀರಾನೆಗೂ ನೀರಿಗೂ ನಡುವೆ ನಿಂತ ಮನುಷ್ಯನ ಜೀವಕ್ಕೆ ಭರವಸೆಯಿಲ್ಲ. ನಮ್ಮ ಕೆರೆಯಲ್ಲಿ ಅಂಥ ಭಯವಿಲ್ಲ, ತಂತಿಯೂ ಇಲ್ಲ. ಆದ್ದರಿಂದ ನಮ್ಮವರು ನೀರಿನ ಬುಡದಲ್ಲೇ ಕೂತು, ಹಾಡು ಹಚ್ಚಿ, ನಡುರಾತ್ರಿಯ ತನಕ ಎದ್ದಿರುತ್ತಾರೆ. ನನಗೆ ಸಂಕಟವಾಗುವುದು ಇದೇ. ಒಣನಾಡಿನ ಪ್ರಾಣಿಗೆ ನೀರು ಎಲ್ಲೆಂದರಲ್ಲಿ ಸಿಗುವುದಿಲ್ಲ. ಸಂಕ್ರಾಂತಿ ಕಳೆದು ಹಳ್ಳಗಳು ಬತ್ತುತ್ತ ಬಂದಂತೆ ಇಂಥ ನಾಲ್ಕೈದು ನೀರಿನ ಜಾಗಗಳ ಮೇಲೇ ಇಡೀ ಅಡವಿಯ ಜೀವ ನಿಂತಿರುತ್ತದೆ.

ಕೊಂಡುಕುರಿಯನ್ನೇ ತಗೋ. ಗಂಡಿನ ತಲೆಯ ಮೇಲೆ ನಾಲ್ಕು ಕೋಡು. ಕಾಡಿನಲ್ಲಿ ಬದುಕಿರುವ ಬೇರೆ ಯಾವ ಪ್ರಾಣಿಗೂ ಹಾಗಿಲ್ಲ. ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದಿಲ್ಲ. ಆಫ್ರಿಕಾಕ್ಕೆ ಹೋದರೂ ನಿನ್ನ ಮಕ್ಕಳು ಅದನ್ನು ನೋಡಲಾರರು. ಅದು ಮತ್ತೆ ಮತ್ತೆ ನೀರು ಕುಡಿಯಬೇಕು, ಆದ್ದರಿಂದ ನೀರಿನಿಂದ ಬಹಳ ದೂರ ಇರುವುದಿಲ್ಲ. ಬಹಳ ಅಂಜುಬುರುಕ. ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ. ನೀವು ದಂಡೆಯಲ್ಲಿ ಸದ್ದು ಮಾಡುತ್ತ ಕೂತಷ್ಟು ಹೊತ್ತು ಅದು ಪೊದೆಯ ಹಿಂದೆ ನೀರಡಿಸಿ ನಿಂತಿರುತ್ತದೆ. ಅದಕ್ಕೇ ಹೇಳುತ್ತೇನೆ: ಸೂರ್ಯ ಇಳಿಯುವುದಕ್ಕೆ ಮೊದಲೇ ದಂಡೆ ಬಿಟ್ಟು ಏಳಿರಿ. ಡೇರೆ ನೀರಿನಿಂದ ದೂರವಿರಲಿ, ಕೆಸರಿನಲ್ಲಿ ಗೊರಸಿನ ಗುರುತು ಕಂಡ ದಾರಿಯನ್ನು ಬಿಟ್ಟು ಇರಲಿ. ಮುಂಜಾನೆ ಬಿಸಿಲು ಬಿದ್ದ ಮೇಲೆ ಮಕ್ಕಳನ್ನು ಅಲ್ಲಿಗೆ ಕರಕೊಂಡು ಹೋಗಿ, ರಾತ್ರಿ ಯಾರು ಯಾರು ಬಂದು ಹೋದರು ಎಂದು ಹೆಜ್ಜೆ ನೋಡಿ ಓದಿಸು. ಕೊಂಡುಕುರಿ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಅಂಥ ಗುಡ್ಡೆ ಕಂಡರೆ ತೋರಿಸು. ಮೂಳೆ ತಿಂದದ್ದರಿಂದ ಬೆಳ್ಳಗೆ ಸುಣ್ಣದಂತಾದ ಹಿಕ್ಕೆ ಕಂಡರೆ ಅದು ಕತ್ತೆಕಿರುಬದ್ದು. ಮೈಮೇಲೆ ಪಟ್ಟೆಯಿರುವ ಇದೇ ಕತ್ತೆಕಿರುಬ ಕೀನ್ಯಾ, ಟಾಂಜಾನಿಯಾದಲ್ಲೂ ಇದೆ. ವಿಡಿಯೋದಲ್ಲಿ ನಗುವಂತೆ ಕೂಗುವುದು ಅಲ್ಲಿನ ಚುಕ್ಕೆಯ ಜಾತಿ; ನಮ್ಮದು ಹೆಚ್ಚಾಗಿ ಒಂಟಿಯಾಗಿ, ಸದ್ದಿಲ್ಲದೆ ತಿರುಗುತ್ತದೆ. ಅದು ಊರ ಹೊರಗಿನ ಹೆಣ, ಮೂಳೆ ತಿಂದು ನಾಡನ್ನು ಶುಚಿ ಮಾಡುವ ಪ್ರಾಣಿ. ಮಕ್ಕಳಲ್ಲಿ ಅದರ ಬಗ್ಗೆ ಹೇಸಿಗೆ ಬೆಳೆಸಬೇಡ.

ಊಟದ ಮಾತಿಗೆ ಬರೋಣ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಅಂಬಲಿ ಉಂಡು, ಚರಗ ಚೆಲ್ಲಿ ಬೆಳೆದವರು ನಾವು. ಬಯಲಲ್ಲಿ ಕೂತಾಗ ನಾಲ್ಕು ತುತ್ತು ಸುತ್ತ ಚೆಲ್ಲುವುದು ನಮ್ಮ ಕೈಗೆ ಬಂದ ರೂಢಿ. ನಮ್ಮ ಹೊಲದಲ್ಲಿ ಅದು ಭೂಮಿತಾಯಿಗೆ ಸಲ್ಲುತ್ತದೆ. ಅಡವಿಯಲ್ಲಿ ಮಾತ್ರ ಬೇಡ, ತಮ್ಮಾ. ಒಂದು ಸಲ ನಮ್ಮ ಅನ್ನದ ರುಚಿ ಹತ್ತಿದ ಮಂಗ, ಹಂದಿ ಮುಂದೆ ಬರುವವರ ಡೇರೆಗೇ ಕೈ ಬಾಯಿ ಹಾಕುತ್ತವೆ. ಸೆರೆಂಗೆಟಿಯ ಸೆರೊನೆರಾದಲ್ಲಿ ಡೇರೆಗಳ ಸುತ್ತ ಬೇಲಿ ಇರದಿದ್ದರೂ, ಅಡುಗೆಗೆ ಊಟಕ್ಕೆ ಮಾತ್ರ ಜಾಲರಿ ಬಡಿದ ಕಟ್ಟಡ ಕಟ್ಟಿದ್ದಾರೆ. ಅಲ್ಲಿಯವರು ಯಾವುದಕ್ಕೆ ಅಂಜುತ್ತಾರೆ ಎಂಬುದು ಅದರಿಂದಲೇ ತಿಳಿಯುತ್ತದೆ. ನೀವು ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಒಯ್ದರೆ ಒಲೆ ಹೂಡುವ ಕೆಲಸವೇ ಇಲ್ಲ. ಮಕ್ಕಳಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಒಯ್ಯಿರಿ. ಸಿಪ್ಪೆ ಮಾತ್ರ ಚೀಲದಲ್ಲಿ ವಾಪಸು ಬರಲಿ.

ಬೆಂಕಿ ಹಾಕಿ ಸುತ್ತ ಕೂರುವ ಆಸೆ ನಿನಗಿದೆ ಎಂದು ಗೊತ್ತು. ಬೇಡ. ಒಣ ಎಲೆ, ಒಣ ಹುಲ್ಲಿನ ಕಾಡು ಅದು. ಒಂದು ಕಿಡಿ ಗಾಳಿಗೆ ಹಾರಿದರೆ ಗುಡ್ಡವೇ ಹೊತ್ತುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಧಾಮದೊಳಗೆ ಅಡವಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ, ಉರಿಯುವ ಬೆಂಕಿ ಬಿಟ್ಟು ಬರುವುದನ್ನೂ ನಿಷೇಧಿಸುತ್ತದೆ. ಪ್ರಾಣಿಯನ್ನು ಕೆಣಕುವುದು, ಕಸ ಚೆಲ್ಲುವುದು ಅಪರಾಧ ಎಂದು 27ನೇ ಕಲಂ ಹೇಳುತ್ತದೆ. ಮೊದಲು ಅರಣ್ಯ ಇಲಾಖೆಯವರನ್ನು ಕಂಡು ಅನುಮತಿ ತಗೋ, ಅವರು ತೋರಿಸಿದ ಜಾಗದಲ್ಲೇ ಇರು. ಚಳಿಗೆ ಬೆಂಕಿಯ ಬದಲು ಕೌದಿ ಒಯ್ಯಿ. ಹಗಲು ಎಷ್ಟೇ ಬಿಸಿಲಿದ್ದರೂ ನೀವು ಹೋಗುವ ತಿಂಗಳ ಬೆಳಗಿನ ಜಾವ ಮಕ್ಕಳು ನಡುಗುತ್ತಾರೆ.

ಇನ್ನು ನನ್ನ ನಿದ್ದೆ ಕೆಡಿಸುವ ಒಂದು ಮಾತು. ನೀವು ತೋಳಕ್ಕೆ ಅಂಜುತ್ತೀರಿ, ನಾನು ಕಟ್ಟುಹಾವಿಗೆ ಅಂಜುತ್ತೇನೆ. ಅದು ರಾತ್ರಿ ತಿರುಗುವ ಹಾವು. ಕಣದಲ್ಲಿ, ಹೊಲದ ಗುಡಿಸಲಲ್ಲಿ ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಹಲ್ಲು ಬಹಳ ಸಣ್ಣವು, ನೋವು ಇಲ್ಲವೇ ಇಲ್ಲ ಎನ್ನುವಷ್ಟು. ಎಷ್ಟೋ ಸಲ ಗಾಯವೇ ಕಾಣುವುದಿಲ್ಲ. ಸೊಳ್ಳೆ ಕಚ್ಚಿತೇನೋ ಎಂದು ಮತ್ತೆ ಮಲಗಿದವರಿದ್ದಾರೆ. ಬೆಳಗಾಗುವುದರೊಳಗೆ ಹೊಟ್ಟೆನೋವು, ಬಾರದ ಮಾತು, ಮೇಲೇಳದ ರೆಪ್ಪೆ, ಆಮೇಲೆ ಉಸಿರಿನ ತೊಂದರೆ. ಆದ್ದರಿಂದ ನೆಲದ ಮೇಲೆ ಮಲಗಬೇಡಿರಿ. ಮಡಚುವ ಹೊರಸು ಸಿಕ್ಕರೆ ಒಯ್ಯಿರಿ. ಸಿಗದಿದ್ದರೆ ಡೇರೆಯ ಜಿಪ್ಪು ಪೂರ್ತಿ ಎಳೆದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಗಿಸಿರಿ. ಮುಂಜಾನೆ ಬೂಟು ಝಾಡಿಸದೆ ಕಾಲಿಡಬಾರದು, ಚೇಳು ಇರುತ್ತವೆ. ರಾತ್ರಿ ಬಯಲಕಡೆಗೆ ಹೋಗುವ ಮಗುವಿನ ಜೊತೆ ದೊಡ್ಡವರೊಬ್ಬರು ಬ್ಯಾಟರಿ ಹಿಡಿದು ಇರಲೇಬೇಕು.

ದೇವರ ದಯೆಯಿಂದ ಏನೂ ಆಗದಿರಲಿ. ಆದರೂ ಹೇಳುತ್ತೇನೆ. ಹಾವು ಕಚ್ಚಿದ ಅನುಮಾನ ಬಂದರೂ ಸಾಕು, ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಆ ಕೈ ಕಾಲು ಅಲುಗದಂತೆ ಇಟ್ಟು, ಮಂತ್ರ ಹಾಕುವವರ ಮನೆ ಕಡೆ ತಿರುಗದೆ, 108ಕ್ಕೆ ಫೋನ್ ಹಚ್ಚಿ ಚಿಂಚೋಳಿಯ ಸರ್ಕಾರಿ ಆಸ್ಪತ್ರೆಗೆ ನಡೆಯಿರಿ. ವಿಷಕ್ಕೆ ಔಷಧ ಆಸ್ಪತ್ರೆಯಲ್ಲಿ ಮಾತ್ರ ಇದೆ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅಷ್ಟು ಹೆಚ್ಚು ಜೀವ ಹೋಗುತ್ತಿವೆ, ಹೋಗುತ್ತಿರುವವರು ಬಹುಪಾಲು ಹೊಲದವರು.

ಕೆರೆಯಲ್ಲಿ ಈಜುವ ಮಾತೇ ಬೇಡ. ಅದು ಹಳ್ಳಕ್ಕೆ ಅಡ್ಡ ಕಟ್ಟಿದ ಡ್ಯಾಮಿನ ನೀರು. ದಂಡೆಯಲ್ಲಿ ಮೊಣಕಾಲಿನಷ್ಟು ಕಂಡದ್ದು ಎರಡು ಹೆಜ್ಜೆ ಮುಂದೆ ಆಳು ಮುಳುಗುವಷ್ಟು ಇರಬಹುದು, ತಳದಲ್ಲಿ ಕಾಲು ಹೂಳುವ ಕೆಸರಿರುತ್ತದೆ. ಮಕ್ಕಳು ಮುಖ ಸಣ್ಣದು ಮಾಡಿದರೆ ಮಾಡಲಿ. ಎತ್ತಿಪೋತ ಜಲಪಾತಕ್ಕೆ ಕರಕೊಂಡು ಹೋಗು; ಅಲ್ಲೂ ನೀರು ಬೀಳುವ ಬಂಡೆ ಹತ್ತಿಸಬೇಡ, ಪಾಚಿ ಜಾರುತ್ತದೆ.

ಆ ಅಡವಿಯಲ್ಲಿ ಲಂಬಾಣಿ ತಾಂಡಾಗಳಿವೆ. ನೀವು ನೋಡಲು ಹೋಗುವ ಜಾಗದಲ್ಲಿ ಅವರು ಬಾಳುತ್ತಿದ್ದಾರೆ, ದನ ಮೇಯಿಸುತ್ತಿದ್ದಾರೆ. ದಾರಿ ಕೇಳುವಾಗ ಗಾಡಿಯೊಳಗಿಂದ ಕೂಗಬೇಡ, ಇಳಿದು ನಮಸ್ಕಾರ ಮಾಡಿ ಕೇಳು. ಹೆಣ್ಣುಮಕ್ಕಳ ಉಡುಗೆ ಚಂದ ಇದೆ ಎಂದು ಕೇಳದೆ ಫೋಟೋ ತೆಗೆಯಬಾರದು ಎಂದು ಮಕ್ಕಳಿಗೂ ತಿಳಿಸು. ಯಾವ ಹಳ್ಳದಲ್ಲಿ ನೀರು ಉಳಿದಿದೆ, ತೋಳ ಯಾವ ಕಡೆ ಕಂಡಿತ್ತು ಎನ್ನುವುದು ಅವರಿಗೆ ಗೊತ್ತಿರುತ್ತದೆ. ನಿನ್ನ ಮಗಳು ಹತ್ತಿರ ಕೂತು ಕೇಳಲಿ, ಬರೆದುಕೊಳ್ಳಲಿ.

ಹೊರಡುವ ಹಿಂದಿನ ದಿನ ನನಗೆ ಫೋನ್ ಮಾಡು. ಅಡವಿಯೊಳಗೆ ಫೋನು ಎಲ್ಲ ಕಡೆ ಹತ್ತುತ್ತದೆ ಎಂದು ನಂಬಬೇಡ. ಯಾವ ಜಾಗದಲ್ಲಿ ಇರುತ್ತೀರಿ, ಯಾವ ದಿನ ಎಷ್ಟು ಹೊತ್ತಿಗೆ ತಿರುಗಿ ಬರುತ್ತೀರಿ ಎಂದು ಚೀಟಿಯಲ್ಲಿ ಬರೆದು ನಿಮ್ಮ ಕಾಕಿಯ ಕೈಯಲ್ಲಿ ಕೊಡು. ಅರಣ್ಯ ಇಲಾಖೆಯ ಸಹಾಯವಾಣಿ 1926, ಅದನ್ನೂ ಆ ಚೀಟಿಯಲ್ಲೇ ಬರಿ. ರೊಟ್ಟಿ ಬಡಿದುಕೊಡುತ್ತೇನೆ ಎಂದು ಅವಳು ಈಗಲೇ ಹೇಳಿದ್ದಾಳೆ. ಎಷ್ಟು ಬೇಕು ಎಂದು ಸೊಸೆ ಎರಡು ದಿನ ಮೊದಲೇ ತಿಳಿಸಲಿ.