ಬೀಗದ ಕೈ

ಚಿತ್ರದುರ್ಗ ಜಿಲ್ಲೆಯ ಪೂರ್ವಕ್ಕೆ, ಆಂಧ್ರಪ್ರದೇಶದ ಗಡಿಯನ್ನು ಮುಟ್ಟಿಕೊಂಡು ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಿವೆ. ನಮ್ಮ ರಾಜ್ಯದಲ್ಲಿ ಮಳೆ ತೀರ ಕಡಿಮೆ ಬೀಳುವ ಪ್ರದೇಶಗಳಲ್ಲಿ ಇವೂ ಸೇರಿವೆ. ಶೇಂಗಾ ಬೆಳೆ, ಕುರಿಸಾಕಣೆ, ಕಂಬಳಿ ನೇಯ್ಗೆ, ರೇಷ್ಮೆ ಸೀರೆಯ ನೇಯ್ಗೆ ಇಲ್ಲಿಯ ಜನರ ಮುಖ್ಯ ಕಸುಬುಗಳು. ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆಯ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಮುಂದೆ ಮೇಷ್ಟರ ಕೆಲಸ ಸಿಕ್ಕಿದ್ದು ಮೊಳಕಾಲ್ಮೂರಿನ ಕಡೆ. ಈ ಎರಡು ಊರುಗಳಲ್ಲಿ ನಾನು ಕಂಡ ಬಾಗಿಲು, ಬೀಗಗಳ ವಿಚಾರವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಬೀಗವೆಂಬುದು ಬಹು ಸಣ್ಣ ವಸ್ತು. ಆದರೆ ಅದು ನನಗೆ ಕಲಿಸಿದ ಪಾಠ ಸಣ್ಣದಲ್ಲ.

ನನ್ನ ಬಾಲ್ಯದ ಮನೆಯು ಮಣ್ಣಿನ ಗೋಡೆಯ ಮಾಳಿಗೆಮನೆಯಾಗಿತ್ತು. ಅದಕ್ಕೆ ಮುಂದೆ ಒಂದೇ ಬಾಗಿಲು. ದಪ್ಪ ಹಲಗೆಯ ಕದ, ಎತ್ತರದ ಹೊಸ್ತಿಲು, ಒಳಗಡೆ ಮರದ ಅಗುಳಿ, ಹೊರಗಡೆ ಕಬ್ಬಿಣದ ಸರಪಳಿಯ ಚಿಲಕ. ರಾತ್ರಿ ಮಲಗುವಾಗ ಅಗುಳಿ ಹಾಕುತ್ತಿದ್ದೆವು. ಹಗಲಿನಲ್ಲಿ ಎಲ್ಲರೂ ಹೊಲಕ್ಕೆ ಹೊರಟರೆ ನಮ್ಮ ತಾಯಿಯು ಚಿಲಕವನ್ನು ಸಿಕ್ಕಿಸಿ, ಅದರ ಕೊಂಡಿಯೊಳಗೆ ಒಂದು ಕಡ್ಡಿಯನ್ನು ತೂರಿಸುತ್ತಿದ್ದಳು. ಆ ಕಡ್ಡಿಯು ಯಾವ ಕಳ್ಳನನ್ನೂ ತಡೆಯಲಾರದು. ಮೇಕೆಯ ಮರಿಯನ್ನು ತಡೆದರೆ ಅದೇ ಹೆಚ್ಚು. ಆದರೆ 'ಮನೆಯಲ್ಲಿ ಯಾರೂ ಇಲ್ಲ' ಎಂಬುದನ್ನು ಅದು ಕೇರಿಗೆಲ್ಲ ತಿಳಿಸುತ್ತಿದ್ದಿತು. ಈಗಿನವರಿಗೆ ಇದು ವಿಚಿತ್ರವಾಗಿ ತೋರಬಹುದು. ಮನೆ ಬರಿದಾಗಿದೆಯೆಂದು ಊರಿಗೆಲ್ಲ ಸಾರುವುದೇ ಎಂದು ನೀವು ಕೇಳಬಹುದು. ಸಾರಲೇಬೇಕಾಗಿದ್ದಿತು, ಏಕೆಂದರೆ ಹಾಗೆ ಸಾರಿದರೆ ಮಾತ್ರ ಕೇರಿಯ ಕಣ್ಣು ಆ ಬಾಗಿಲಿನ ಮೇಲೆ ಇರುತ್ತಿದ್ದಿತು.

ಹಾಗೆಂದು ಆ ಕಾಲದಲ್ಲಿ ಕಳ್ಳರು ಇರಲಿಲ್ಲವೆಂದು ಭಾವಿಸಬಾರದು. 'ಕನ್ನ' ಎಂಬ ಮಾತು ನಮ್ಮ ಭಾಷೆಯಲ್ಲಿ ಸುಮ್ಮನೆ ಹುಟ್ಟಿಕೊಂಡದ್ದಲ್ಲ. ಮಣ್ಣಿನ ಗೋಡೆಯನ್ನು ಕೊರೆದು ಒಳಗೆ ನುಗ್ಗುವುದೇ ಕನ್ನ. ಗೋಡೆಯೇ ಮಣ್ಣಿನದಾಗಿರುವಾಗ ಬಾಗಿಲಿಗೆ ಎಂಥ ಭಾರಿ ಬೀಗವನ್ನು ಹಾಕಿದರೂ ಫಲವೇನು? ಆದುದರಿಂದ ಹಿಂದಿನವರು ಬಾಗಿಲಿಗಿಂತ ಬಚ್ಚಿಡುವುದನ್ನೇ ಹೆಚ್ಚಾಗಿ ನಂಬಿದ್ದರು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆಯುತ್ತಿದ್ದರು. ಒಡವೆಯ ಗಂಟು ಕಾಳಿನ ವಾಡೆಯ ತಳವನ್ನು ಸೇರುತ್ತಿದ್ದಿತು. ಹೊರಗೆ ಕಾಯಲು ಊರಿನ ತಳವಾರನಿದ್ದನು. ತಳವಾರ, ತೋಟಿ ಮೊದಲಾದ ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು 1961ರ ಕಾಯಿದೆಯು ರದ್ದುಪಡಿಸಿತು. ಹುದ್ದೆಯು ಹೋದರೂ ನನ್ನ ಬಾಲ್ಯದಲ್ಲಿ ಜಗಲಿಯ ಮೇಲೆ ಕುಳಿತ ಮುದುಕರು, ಕೇರಿಯ ನಾಯಿಗಳು, ನೀರಿಗೆ ಹೋಗಿಬರುವ ಹೆಂಗಸರು ಆ ಕೆಲಸವನ್ನು ನಡೆಸುತ್ತಲೇ ಇದ್ದರು.

ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಸ್ಥಿತಿಯು ಬೇರೆಯಾಗಿದ್ದಿತು. ಅಲ್ಲಿ ಗುಂಡಿಮಗ್ಗವು ಮನೆಯ ಒಂದು ಅಂಗವೇ ಆಗಿದ್ದಿತು. ಹಾಸಿನ ಮೇಲೆ ಅರ್ಧ ನೇಯ್ದ ರೇಷ್ಮೆ ಸೀರೆ, ಪಕ್ಕದಲ್ಲಿ ಜರಿಯ ಉಂಡೆ. ಅವನ್ನು ಮಡಚಿ ಪೆಟ್ಟಿಗೆಯಲ್ಲಿಡುವಂತಿಲ್ಲ. ಎಷ್ಟೋ ಸಲ ನೂಲು ನೇಯುವವನದಾಗಿರುತ್ತಿರಲಿಲ್ಲ. ಕೆಲಸ ಕೊಟ್ಟ ಸಾಹುಕಾರನದಾಗಿರುತ್ತಿದ್ದಿತು. ಪರರ ಸೊತ್ತನ್ನು ಇಟ್ಟುಕೊಂಡವರು ತಮ್ಮ ಸೊತ್ತನ್ನು ಇಟ್ಟುಕೊಂಡವರಿಗಿಂತ ಎಚ್ಚರವಾಗಿರಬೇಕು. ಆದುದರಿಂದ ಆ ಮನೆಗಳಲ್ಲಿ ಬೀಗವಿದ್ದಿತು. ಇತ್ತ ಚಳ್ಳಕೆರೆಯ ಪೇಟೆಯಲ್ಲಿ ಎಣ್ಣೆ ಗಿರಣಿಗಳೂ ಶೇಂಗಾ ಮಂಡಿಗಳೂ ಬೆಳೆದಂತೆ ಹಣದ ಓಡಾಟ ಹೆಚ್ಚಿತು. ಕಬ್ಬಿಣದ ಬಾಗಿಲುಗಳೂ ದೊಡ್ಡ ಬೀಗಗಳೂ ಬಂದವು.

ಬೀಗವು ಕೆಲಸ ಮಾಡುವ ರೀತಿಯನ್ನು ಇಲ್ಲಿ ತಿಳಿದುಕೊಳ್ಳಬಹುದು. ಪ್ರಾಚೀನ ಈಜಿಪ್ಟಿನಲ್ಲಿ ಮರದ ಬೀಗಗಳಿದ್ದವು. ಅಗುಳಿಯ ರಂಧ್ರಗಳೊಳಕ್ಕೆ ಮೇಲಿನಿಂದ ಗೂಟಗಳು ಇಳಿದು ಅದನ್ನು ಹಿಡಿದುಕೊಳ್ಳುತ್ತಿದ್ದವು. ಹಲ್ಲುಗಳಿದ್ದ ಮರದ ಕೀಲಿಯಿಂದ ಗೂಟಗಳನ್ನು ಮೇಲೆತ್ತಿದರೆ ಅಗುಳಿಯು ಸರಿಯುತ್ತಿದ್ದಿತು. ಅಮೆರಿಕದ ಲೈನಸ್ ಯೇಲ್ ಎಂಬಾತನು 1860ರ ದಶಕದಲ್ಲಿ ಇದೇ ತತ್ತ್ವವನ್ನು ಲೋಹದ ಸಣ್ಣ ಬೀಗಕ್ಕೆ ಅಳವಡಿಸಿದನು. ಅಂಥ ಬೀಗದೊಳಗೆ ತಿರುಗುವ ಒಂದು ಉರುಳೆಯಿರುತ್ತದೆ. ಸ್ಪ್ರಿಂಗುಗಳು ಒತ್ತಿ ಹಿಡಿದ ಪುಟ್ಟ ಕಡ್ಡಿಗಳು ಅದು ತಿರುಗದಂತೆ ತಡೆದಿರುತ್ತವೆ. ಸರಿಯಾದ ಕೀಲಿಯ ಏರುತಗ್ಗುಗಳು ಪ್ರತಿಯೊಂದು ಕಡ್ಡಿಯನ್ನೂ ಬೇಕಾದಷ್ಟೇ ಎತ್ತುತ್ತವೆ. ಒಂದು ಕಡ್ಡಿಯು ಹೆಚ್ಚು ಕಡಿಮೆಯಾದರೂ ಉರುಳೆಯು ತಿರುಗದು. ನಮ್ಮ ದೇಶದಲ್ಲಿ ಆರ್ದೇಶಿರ್ ಗೋದ್ರೆಜ್ ಅವರು 1897ರಲ್ಲಿ ಮುಂಬಯಿಯಲ್ಲಿ ಬೀಗಗಳ ತಯಾರಿಕೆಯನ್ನು ಆರಂಭಿಸಿದರು.

ಕೀಲಿಗೆ ಕನ್ನಡದಲ್ಲಿ 'ಬೀಗದ ಕೈ' ಎಂಬ ಸೊಗಸಾದ ಹೆಸರಿದೆ. ಬೀಗವು ಮನೆಯಲ್ಲಿರುತ್ತದೆ, ಅದರ ಕೈಯು ಇನ್ನೊಬ್ಬರ ಕೈಯಲ್ಲಿರಬಹುದು. ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಮನೆಮಂದಿಯೆಲ್ಲ ಹೊರಟಾಗ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ನೆರೆಮನೆಯ ಅಜ್ಜಿಯ ಕೈಗೆ ಕೊಡುವುದು ನಮ್ಮಲ್ಲಿ ರೂಢಿಯಾಗಿದ್ದಿತು. ಆಕೆ ಸಂಜೆ ದೀಪ ಹಚ್ಚುವಳು, ದನಕ್ಕೆ ನೀರು ಕುಡಿಸುವಳು. ಬೀಗ ಹಾಕುವುದೆಂದರೆ ನೆರೆಯವರನ್ನು ನಂಬದಿರುವುದೆಂದು ನಾನು ಬಹುಕಾಲ ತಪ್ಪಾಗಿ ತಿಳಿದಿದ್ದೆ. ಬೀಗ ಹಾಕಿ, ಕೈಯನ್ನು ನೆರೆಯವರಿಗೇ ಒಪ್ಪಿಸುವ ಈ ಪದ್ಧತಿಯ ಅರ್ಥವು ನನಗೆ ಆಗ ಹೊಳೆಯಲಿಲ್ಲ.

ತಪ್ಪಾಗಿ ತಿಳಿಯಲು ನನ್ನ ಓದೂ ಒಂದು ಕಾರಣ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳಿರುವುದನ್ನು ನೀವು ಇತಿಹಾಸದಲ್ಲಿ ಓದಿರುತ್ತೀರಿ. ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತನ್ನು ನಡೆಸಬೇಕು, ಸತ್ಯವನ್ನಾಡಬೇಕು, ಗುರುವನ್ನು ಗೌರವಿಸಬೇಕು ಎಂಬ ಆಶಯ ಅಲ್ಲಿದೆ. ಅಶೋಕನ ತಾತ ಚಂದ್ರಗುಪ್ತನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಾಸ್ತನೀಸನು, ಈ ದೇಶದ ಜನರು ತಮ್ಮ ಮನೆಮಾರುಗಳನ್ನು ಸಾಮಾನ್ಯವಾಗಿ ಕಾವಲಿಲ್ಲದೆ ಬಿಡುವರೆಂದು ಬರೆದಿದ್ದನು. ಅವನ ಗ್ರಂಥ ಉಳಿದಿಲ್ಲ. ಸ್ಟ್ರಾಬೋ ಮೊದಲಾದವರ ಬರಹಗಳಿಂದ ಅವನ ಮಾತುಗಳು ನಮಗೆ ತಿಳಿದುಬಂದಿವೆ. ಇವನ್ನೆಲ್ಲ ಓದಿ ಉಬ್ಬಿದ ನಾನು, ಅಶೋಕನ ಶಾಸನವಿರುವ ಸೀಮೆಯಲ್ಲಿ ಬೀಗವೇಕೆ ಎಂದುಕೊಂಡು, ಬಾಡಿಗೆಯ ಮನೆಗೆ ಬರಿಯ ಚಿಲಕ ಹಾಕಿ ಶಾಲೆಗೆ ಹೋಗುತ್ತಿದ್ದೆ. ಅದನ್ನು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಲೂ ಇದ್ದೆ.

ಅದು 1988ನೆಯ ಇಸವಿ. ಹತ್ತನೆಯ ತರಗತಿಯ ಮಕ್ಕಳಿಂದ ಸಂಗ್ರಹಿಸಿದ ಪರೀಕ್ಷಾ ಶುಲ್ಕವನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದೆ. ಆ ಪೆಟ್ಟಿಗೆಗೂ ಬೀಗವಿರಲಿಲ್ಲ. ಹಣ ಕಟ್ಟಬೇಕಾದ ದಿನ ಬೆಳಿಗ್ಗೆ ತೆರೆದು ನೋಡಿದರೆ ಗಂಟು ಕಾಣಲಿಲ್ಲ. ಕ್ಷಣಮಾತ್ರದಲ್ಲಿ ಮನೆಯ ಮುಂದೆ ಜನ ಸೇರಿದರು. 'ನಿಮ್ಮ ಮನೆಗೆ ಯಾರು ಬರುತ್ತಿದ್ದರು?' ಎಂದು ಕೇಳಿದರು.

ಬರುತ್ತಿದ್ದವನು ಒಬ್ಬನೇ. ಊರಾಚೆ, ಕೆರೆಯ ಏರಿಯ ಬಳಿ ಗುಡಾರ ಹಾಕಿಕೊಂಡಿದ್ದ ಅಲೆಮಾರಿ ಕುಟುಂಬದ ಹುಡುಗ. ಅವನು ಒಂಬತ್ತನೆಯ ತರಗತಿಯಲ್ಲಿದ್ದನು. ಗುಡಾರದಲ್ಲಿ ದೀಪವಿಲ್ಲವೆಂದು ಸಂಜೆ ನನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದನು. ವರ್ಷಕ್ಕೆ ಹತ್ತು ಊರು ತಿರುಗುವ ಆ ಮನೆಯವರು ಮಗನ ಓದಿಗಾಗಿಯೇ ಎರಡು ವರ್ಷದಿಂದ ಅಲ್ಲಿ ನೆಲೆನಿಂತಿದ್ದರು. ಜನರು ಅವನನ್ನು ಕರೆತಂದರು. ಜೇಬನ್ನು ತೆಗೆಸಿದರು, ಪುಸ್ತಕದ ಚೀಲವನ್ನು ಸುರಿಸಿದರು. ಅವನು, 'ನಾನು ತಗೊಂಡಿಲ್ಲ, ಸಾರ್' ಎಂದು ನನ್ನ ಮುಖವನ್ನೇ ನೋಡಿದನು. ಅವನ ತಂದೆಯು ಓಡಿಬಂದು, 'ಸ್ವಾಮಿ, ನಿಮ್ಮ ಮನೇಲಿ ಒಂದು ಬೆಂಕಿಕಡ್ಡೀನೂ ಇವನು ಮುಟ್ಟಿಲ್ಲ' ಎಂದು ಕೈಮುಗಿದನು. 'ಇವನು ಕದ್ದನು' ಎಂದು ನಾನು ಹೇಳಲಿಲ್ಲ. 'ಕದ್ದಿಲ್ಲ' ಎಂದೂ ಹೇಳಲಿಲ್ಲ. ಸುಮ್ಮನೆ ನಿಂತಿದ್ದೆ. ಮರುದಿನ ಬೆಳಗಾಗುವಷ್ಟರಲ್ಲಿ ಏರಿಯ ಬಳಿ ಗುಡಾರವಿರಲಿಲ್ಲ. ಮೂರು ಒಲೆಗಲ್ಲುಗಳು ಮಾತ್ರ ಉಳಿದಿದ್ದವು.

ಸಾಲ ಮಾಡಿ ಮಕ್ಕಳ ಶುಲ್ಕವನ್ನು ಕಟ್ಟಿದೆ. ಮೂರು ವಾರಗಳ ಬಳಿಕ ನಮ್ಮ ತಾಯಿಯು ಊರಿನಿಂದ ಬಂದಳು. ಹಿಂದಿನ ಸಲ ಬಂದಿದ್ದವಳು, ನಾನು ಶಾಲೆಯಲ್ಲಿದ್ದಾಗಲೇ ಬಸ್ಸು ಹತ್ತಿ ಹೊರಟುಹೋಗಿದ್ದಳು. ವಿಷಯ ಕೇಳಿದವಳೇ ಒಳಗೆ ಹೋಗಿ ರಾಗಿಯ ವಾಡೆಗೆ ಕೈ ಹಾಕಿ ಗಂಟನ್ನು ಹೊರತೆಗೆದಳು. 'ಪೆಟ್ಟಿಗೆಗೆ ಬೀಗ ಇರಲಿಲ್ಲವಲ್ಲಪ್ಪಾ, ಬಾಗಿಲಿಗೂ ಇರಲಿಲ್ಲ. ಅದಕ್ಕೇ ಇಲ್ಲಿಟ್ಟೆ. ನಿನಗೆ ಹೇಳೋದು ಮರೆತೆ' ಎಂದಳು.

ಆ ಕುಟುಂಬವನ್ನು ಹುಡುಕಿಕೊಂಡು ನಾನು ರಾಯದುರ್ಗದವರೆಗೂ ಹೋದೆ. ಚಳ್ಳಕೆರೆಯ ಸಂತೆಗಳಲ್ಲಿ ವಿಚಾರಿಸಿದೆ. ಅವರು ಸಿಕ್ಕಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹುಡುಗನ ಹೆಸರಿನ ಮುಂದೆ, ವರ್ಷದ ಕೊನೆಯವರೆಗೆ ಪ್ರತಿದಿನವೂ ಗೈರುಹಾಜರಿಯ ಗುರುತನ್ನು ನನ್ನ ಕೈಯಿಂದಲೇ ಹಾಕಿದೆ.

ಜನರು ಅವನ ಕಡೆಗೇ ಏಕೆ ಬೆರಳು ಮಾಡಿದರು? ಇದಕ್ಕೆ ಹಿಂದಿನ ಒಂದು ಕಥೆಯಿದೆ. 1871ರಲ್ಲಿ ಬ್ರಿಟಿಷ್ ಸರಕಾರವು ಒಂದು ಕಾಯಿದೆಯನ್ನು ಮಾಡಿ, ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಲು ಅವಕಾಶ ಕಲ್ಪಿಸಿತು. ಅಂಥವರು ಅಧಿಕಾರಿಗಳ ಮುಂದೆ ಹಾಜರಿ ಹಾಕಬೇಕಾಗಿದ್ದಿತು, ಇಷ್ಟಬಂದಲ್ಲಿಗೆ ಹೋಗುವಂತಿರಲಿಲ್ಲ. ಸ್ವತಂತ್ರ ಭಾರತವು 1952ರಲ್ಲಿ ಆ ಬಗೆಯ ಕಾಯಿದೆಯನ್ನು ರದ್ದುಪಡಿಸಿತು. ಆದರೆ ಪುಸ್ತಕದಿಂದ ಹೋದ ಕಾಯಿದೆಯು ಜನರ ಮನಸ್ಸಿನಿಂದ ಬೇಗನೆ ಹೋಗಲಿಲ್ಲ. ಅದು ನನ್ನ ಮನಸ್ಸಿನಲ್ಲಿಯೂ ಇದ್ದಿತೆಂಬುದಕ್ಕೆ ಅಂದಿನ ನನ್ನ ಮೌನವೇ ಸಾಕ್ಷಿ. ಮಹಾಭಾರತದಲ್ಲಿ ಮಾಂಡವ್ಯ ಋಷಿಯ ಕಥೆ ಬರುತ್ತದೆ. ಕಳ್ಳರು ಕದ್ದ ಮಾಲನ್ನು ಅವನ ಆಶ್ರಮದಲ್ಲಿ ಅಡಗಿಸಿಟ್ಟರು. ಮೌನವ್ರತದಲ್ಲಿದ್ದ ಋಷಿಯನ್ನು ರಾಜನು ಶೂಲಕ್ಕೇರಿಸಿದನು. ಕೌಟಿಲ್ಯನ ಅರ್ಥಶಾಸ್ತ್ರವು ಕಳವಿನ ವಿಚಾರಣೆಯ ಸಂದರ್ಭದಲ್ಲಿ ಇದೇ ಮಾಂಡವ್ಯನನ್ನು ನೆನೆದು, ಕಳ್ಳನಲ್ಲದವನೂ ನೋವಿಗೆ ಹೆದರಿ ತಪ್ಪನ್ನು ಒಪ್ಪಿಕೊಳ್ಳಬಹುದೆಂದು ಎಚ್ಚರಿಸುತ್ತದೆ.

ಬೀಗವು ಕಳ್ಳನಿಂದ ನಮ್ಮ ಸೊತ್ತನ್ನು ಕಾಯುವುದು ಸ್ವಲ್ಪ ಮಟ್ಟಿಗೆ ಮಾತ್ರ, ಒಡೆಯಲಾಗದ ಬೀಗವಿಲ್ಲ. ಆದರೆ ನಿರಪರಾಧಿಗಳನ್ನು ನಮ್ಮ ಅನುಮಾನದಿಂದ ಅದು ಚೆನ್ನಾಗಿ ಕಾಯುತ್ತದೆ. ತೆರೆದಿಟ್ಟ ಮನೆಯಲ್ಲಿ ಒಂದು ವಸ್ತು ಕಾಣದಾದರೆ ಅನುಮಾನವು ಮೊದಲು ಹೋಗುವುದು ಬಡವನ ಕಡೆಗೆ, ಕೆಲಸದವನ ಕಡೆಗೆ, ಹೊರಗಿನಿಂದ ಬಂದವನ ಕಡೆಗೆ. ಅಜಾಗರೂಕತೆ ನಮ್ಮದು, ಅಪವಾದ ಅವರದು. ಬೀಗ ಹಾಕಿ ಕೈಯನ್ನು ನೆರೆಮನೆಯ ಅಜ್ಜಿಗೆ ಕೊಟ್ಟುಹೋಗುತ್ತಿದ್ದ ನಮ್ಮ ಹಿರಿಯರು ಇದನ್ನು ಅರಿತಿದ್ದರು. ಮನೆಗೆ ಯಾರು ಬರಬಹುದೆಂಬುದು ಎಲ್ಲರಿಗೂ ತಿಳಿದಿದ್ದಿತು; ಆದುದರಿಂದ ಉಳಿದವರ ಮೇಲೆ ಮಾತು ಬರುತ್ತಿರಲಿಲ್ಲ.

ಇಂದು ನಮ್ಮ ಹಳ್ಳಿಗಳಲ್ಲಿಯೂ ಕಬ್ಬಿಣದ ಜಾಲರಿಯ ಬಾಗಿಲುಗಳಿವೆ. ಚಳ್ಳಕೆರೆಯ ಹೊಸ ಬಡಾವಣೆಗಳಲ್ಲಿ ಕ್ಯಾಮೆರಾಗಳೂ ಕಾಣುತ್ತವೆ. ಅವು ಬೇಕು. ಅವುಗಳೊಂದಿಗೆ ಕೆಲವು ಅಭ್ಯಾಸಗಳೂ ಬೇಕು. ಹೊರಡುವಾಗ ಹಿತ್ತಿಲ ಬಾಗಿಲನ್ನೂ ಮಾಳಿಗೆಯ ಬಾಗಿಲನ್ನೂ ನೋಡಿರಿ. ಬೀಗದ ಕೈಯನ್ನು ಬಾಗಿಲವಾಡದ ಮೇಲೆ, ಹೂವಿನ ಕುಂಡದ ಕೆಳಗೆ ಇಡಬೇಡಿರಿ. ಅದು ಎಲ್ಲರಿಗೂ ತಿಳಿದ ಗುಟ್ಟು. ವೃದ್ಧರನ್ನಾಗಲಿ ಮಕ್ಕಳನ್ನಾಗಲಿ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಬೇಡಿರಿ. ಬೆಂಕಿ ಬಿದ್ದರೆ ಆ ಬೀಗವೇ ಶತ್ರುವಾದೀತು. ಬೆಲೆಬಾಳುವ ವಸ್ತುಗಳನ್ನಿಟ್ಟ ಜಾಗವು ಮನೆಯ ಇಬ್ಬರಿಗಾದರೂ ತಿಳಿದಿರಲಿ. ಏನಾದರೂ ಕಾಣದಾದರೆ ಮೊದಲು ಮನೆಯನ್ನೆಲ್ಲ ಹುಡುಕಿರಿ. ಕಳುವಾದದ್ದು ನಿಜವೆಂದು ಕಂಡರೆ ಪೊಲೀಸರಿಗೆ ತಿಳಿಸಿರಿ. ತುರ್ತು ಕರೆಯ ಸಂಖ್ಯೆ 112. ವಿಚಾರಣೆಯು ಅವರ ಕೆಲಸ, ತೀರ್ಪು ನ್ಯಾಯಾಲಯದ್ದು. ಬೀದಿಯಲ್ಲಿ ಒಬ್ಬ ಹುಡುಗನ ಚೀಲವನ್ನು ಸುರಿಸುವ ಅಧಿಕಾರ ನಮಗಾರಿಗೂ ಇಲ್ಲ.

ಆ ಹುಡುಗನು ಎಲ್ಲಿಯಾದರೂ ಇದ್ದರೆ ಈಗ ಅವನಿಗೆ ಐವತ್ತು ದಾಟಿರಬೇಕು. ಅವನ ಮಕ್ಕಳು ನಿಮ್ಮಂತೆಯೇ ಓದಿರಲೆಂದು ನಾನು ಆಶಿಸುತ್ತೇನೆ. ನಾನು ನಿವೃತ್ತನಾಗಿ ಊರಿಗೆ ಬಂದಿದ್ದೇನೆ. ಹೊರಗೆ ಹೊರಟಾಗಲೆಲ್ಲ ತಪ್ಪದೆ ಬೀಗ ಹಾಕುತ್ತೇನೆ. ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು, 'ಸಂಜೆ ಮಕ್ಕಳು ಓದಲು ಬಂದರೆ ಪಡಸಾಲೆಯ ಬಾಗಿಲು ತೆಗೆದುಕೊಡಿ' ಎಂದು ಹೇಳಿಹೋಗುತ್ತೇನೆ.