ಮನೆಯಂಗಳದ ದೀಪ: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಸಣ್ಣ ಪಟ್ಟಣಗಳ ವರ್ತಕರಲ್ಲಿ ಹಾಗೂ ಸಣ್ಣ ಉತ್ಪಾದಕರಲ್ಲಿ ಅನೇಕರ ಮನೆ ಮತ್ತು ವ್ಯವಹಾರ ಒಂದೇ ನಿವೇಶನದಲ್ಲಿ ನಡೆಯುತ್ತವೆ. ಮುಂಭಾಗದಲ್ಲಿ ವಾಸದ ಮನೆ, ಹಿಂಭಾಗದಲ್ಲಿ ಪ್ಯಾಕಿಂಗ್ ಷೆಡ್ಡು ಅಥವಾ ಗೋದಾಮು, ಎರಡರ ನಡುವೆ ಕಾಂಪೌಂಡಿಗೆ ಹೊಂದಿಕೊಂಡ ಕಿರಿದಾದ ಓಣಿ, ಓಣಿಯ ಕೊನೆಯಲ್ಲಿ ಎರಡು ಮೆಟ್ಟಿಲು. ಬೆಳಗಿನ ಜಾವ ಹಾಲು ತರುವವರು, ರಾತ್ರಿ ಸರಕು ಇಳಿಸುವ ಹಮಾಲರು, ಹಿತ್ತಲಿಗೆ ಹೋಗುವ ಮನೆಯ ಹಿರಿಯರು, ಎಲ್ಲರೂ ಈ ಓಣಿಯಲ್ಲೇ ನಡೆಯುತ್ತಾರೆ. ಆದರೂ ಆ ಅಂಗಳಕ್ಕೆ ದೀಪ ಹಾಕುವ ಪ್ರಸಂಗ ಬಂದಾಗ ಮಾಲೀಕನು ಒಂದು ದೊಡ್ಡ ಫ್ಲಡ್‌ಲೈಟ್ ತಂದು ತಾರಸಿಯ ಮೂಲೆಗೆ ಕಟ್ಟಿಸಿ ನಿಶ್ಚಿಂತನಾಗುವುದು ಸಾಮಾನ್ಯ. ಸರಕು ಕೊಳ್ಳುವಾಗ ಪೈಸೆ ಪೈಸೆಗೂ ಲೆಕ್ಕ ಹಾಕುವವರು ಇಲ್ಲಿ ಮಾತ್ರ ಅಂಗಡಿಯವನು ಹೇಳಿದ ಬೆಲೆಯನ್ನಷ್ಟೇ ನೋಡುತ್ತಾರೆ.

ಇದರಿಂದ ಆಗುವ ನಷ್ಟ ಮೂರು ಕಡೆ ಕಾಣಿಸಿಕೊಳ್ಳುತ್ತದೆ: ವಿದ್ಯುತ್ ಬಿಲ್ಲಿನಲ್ಲಿ, ಕತ್ತಲೆಯಲ್ಲಿ ಜಾರಿ ಬಿದ್ದವರ ಆಸ್ಪತ್ರೆಯ ಖರ್ಚಿನಲ್ಲಿ, ಮತ್ತು ಕೆಲವರ ವಿಷಯದಲ್ಲಿ ವಿದ್ಯುತ್ ಕಂಪನಿಯ ತಪಾಸಣೆಯ ನೋಟೀಸಿನಲ್ಲಿ.

ಬೆಳಕು ಎಲ್ಲಿ ಬೀಳಬೇಕು?

ದೀಪದ ಅಂಗಡಿಗೆ ಹೋಗುವ ಮೊದಲು ಮಾಲೀಕನು ರಾತ್ರಿ ಎಂಟು ಗಂಟೆಯ ನಂತರ, ದೀಪಗಳನ್ನೆಲ್ಲ ಆರಿಸಿ, ಗೇಟಿನಿಂದ ಹಿತ್ತಲಿನವರೆಗೆ ಒಮ್ಮೆ ನಡೆದು ನೋಡುವುದು ಉತ್ತಮ. ಕಾಲು ತಡವರಿಸುವ ಸ್ಥಳಗಳು ಸಾಮಾನ್ಯವಾಗಿ ನಾಲ್ಕೈದಕ್ಕಿಂತ ಹೆಚ್ಚಿರುವುದಿಲ್ಲ: ಗೇಟಿನ ಚಿಲಕ, ಓಣಿಯ ತಿರುವು, ಮೆಟ್ಟಿಲು, ಬಾವಿಕಟ್ಟೆ ಅಥವಾ ಬಟ್ಟೆ ಒಗೆಯುವ ಕಲ್ಲಿನ ಬಳಿಯ ಪಾಚಿ, ಷೆಡ್ಡಿನ ಬಾಗಿಲು. ಬೆಳಕು ಬೇಕಾಗಿರುವುದು ಈ ಸ್ಥಳಗಳಿಗೆ. ಆಕಾಶಕ್ಕಾಗಲೀ ನೆರೆಮನೆಯ ಕಿಟಕಿಗಾಗಲೀ ಅಲ್ಲ.

ದೀಪದ ಎತ್ತರ ಇಮ್ಮಡಿಯಾದರೆ ಅದರ ನೇರ ಕೆಳಗೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮೂರು ಮೀಟರ್ ಎತ್ತರದಲ್ಲಿ ಸಾಕಾಗುವ ದೀಪವನ್ನು ಆರು ಮೀಟರ್ ಎತ್ತರದ ತಾರಸಿಗೆ ಏರಿಸಿದರೆ, ಅಷ್ಟೇ ಬೆಳಕಿಗೆ ನಾಲ್ಕು ಪಟ್ಟು ಶಕ್ತಿಯ ದೀಪ ಬೇಕು. ಅದಕ್ಕಿಂತ ಮುಖ್ಯವಾದ ದೋಷವೆಂದರೆ ನೆರಳು. ಒಂದೇ ಕಡೆಯಿಂದ ಬರುವ ಪ್ರಖರ ಬೆಳಕಿಗೆ ಬೆನ್ನು ಮಾಡಿ ಮೂಟೆ ಹೊತ್ತು ನಡೆಯುವವನ ಮುಂದೆ ಅವನ ನೆರಳೇ ಮೆಟ್ಟಿಲನ್ನು ಮುಚ್ಚುತ್ತದೆ. ಎದುರಿನಿಂದ ಬರುವವನಿಗೆ ಕಣ್ಣು ಕುಕ್ಕಿ ಕೆಲ ಕ್ಷಣ ಏನೂ ಕಾಣದು. ಕಳ್ಳಕಾಕರ ಭಯದಿಂದ ಹಾಕಿದ ದೊಡ್ಡ ದೀಪವು ಕಾಂಪೌಂಡಿನ ಬುಡದಲ್ಲಿ ಅಡಗಿ ನಿಲ್ಲಲು ತಕ್ಕಷ್ಟು ಗಾಢವಾದ ಕತ್ತಲೆಯನ್ನೂ ಉಂಟುಮಾಡುತ್ತದೆ. ಸಿ.ಸಿ. ಕ್ಯಾಮೆರಾ ಇರುವ ಕಡೆ ದೀಪ ಅದಕ್ಕೆ ಎದುರಾಗಿದ್ದರೆ ಮುಖವೇ ದಾಖಲಾಗುವುದಿಲ್ಲ.

ಆದಕಾರಣ ಸಣ್ಣ ದೀಪಗಳು, ಹೆಚ್ಚು ಸ್ಥಳಗಳು, ಕಡಿಮೆ ಎತ್ತರ ಎಂಬುದೇ ಸರಿಯಾದ ಕ್ರಮ. ಗೋಡೆಗೆ ಅಳವಡಿಸುವ ಬಲ್ಕ್‌ಹೆಡ್ ದೀಪ, ಮೇಲ್ಭಾಗ ಮುಚ್ಚಿ ಬೆಳಕನ್ನು ಕೆಳಕ್ಕೆ ಚೆಲ್ಲುವ ದೀಪ, ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ ಮೊಣಕಾಲಿನ ಎತ್ತರಕ್ಕೆ ಹುದುಗಿಸುವ ಚಿಕ್ಕ ದೀಪ, ಇವು ಸಾಮಾನ್ಯ ಮನೆಗೆ ಸಾಕು. ಬಣ್ಣದ ಆಯ್ಕೆಯಲ್ಲಿ 6500 ಕೆಲ್ವಿನ್‌ನ ನೀಲಿ ಛಾಯೆಯ ಬಿಳುಪಿಗಿಂತ 2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆಯ ದೀಪ ಅಂಗಳಕ್ಕೆ ಹಿತ. ಮಳೆಗಾಲದ ಹುಳುಗಳು ಇದಕ್ಕೆ ಕಡಿಮೆ ಮುತ್ತುತ್ತವೆ. ಹಿಟ್ಟು, ಮಸಾಲೆ, ಹಪ್ಪಳದಂತಹ ತಿನಿಸು ಪದಾರ್ಥ ತಯಾರಿಸುವವರಿಗೆ ಇದು ಸಣ್ಣ ಸಂಗತಿಯಲ್ಲ.

ಬಿಲ್ಲಿನ ಲೆಕ್ಕ

ದೀಪದ ಪೊಟ್ಟಣದ ಮೇಲೆ ವ್ಯಾಟ್ ನೋಡುವ ಅಭ್ಯಾಸ ಹಳೆಯದು. ವ್ಯಾಟ್ ಎಂಬುದು ದೀಪವು ಬಳಸುವ ವಿದ್ಯುತ್ತಿನ ಅಳತೆ. ಕೊಡುವ ಬೆಳಕಿನ ಅಳತೆ ಲುಮೆನ್. 60 ವ್ಯಾಟ್‌ನ ಹಳೆಯ ತಂತಿಯ ಬಲ್ಬು ಸುಮಾರು 700 ಲುಮೆನ್ ಕೊಡುತ್ತಿತ್ತು. ಇಂದಿನ 9 ವ್ಯಾಟ್‌ನ ಎಲ್.ಇ.ಡಿ. ಬಲ್ಬು ಅದಕ್ಕಿಂತ ಕಡಿಮೆಯೇನೂ ಕೊಡುವುದಿಲ್ಲ.

ಈಗ ಒಂದು ಉದಾಹರಣೆ. ಲೆಕ್ಕದ ಅನುಕೂಲಕ್ಕಾಗಿ ದರವನ್ನು ಯೂನಿಟ್‌ಗೆ 7 ರೂ. ಎಂದೂ ದೀಪವು ರಾತ್ರಿಗೆ 12 ಗಂಟೆ ಉರಿಯುವುದೆಂದೂ ಇಟ್ಟುಕೊಳ್ಳಲಾಗಿದೆ. ಓದುಗರು ತಮ್ಮ ಬಿಲ್ಲಿನ ದರವನ್ನು ಹಾಕಿಕೊಂಡು ನೋಡಬಹುದು. ಹಳೆಯ 500 ವ್ಯಾಟ್ ಹ್ಯಾಲೊಜನ್ ಫ್ಲಡ್‌ಲೈಟ್ ವರ್ಷಕ್ಕೆ 2,190 ಯೂನಿಟ್ ಬಳಸುತ್ತದೆ. ಖರ್ಚು 15,330 ರೂ. ಅದರ ಬದಲಿಗೆ ಸರಿಸುಮಾರು ಅಷ್ಟೇ ಬೆಳಕಿನ 100 ವ್ಯಾಟ್ ಎಲ್.ಇ.ಡಿ. ಹಾಕಿದರೆ 438 ಯೂನಿಟ್, 3,066 ರೂ. ಬಹುತೇಕರ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಆದರೆ ಆ ಅಂಗಳಕ್ಕೆ ಬೇಕಾಗಿದ್ದದ್ದು 9 ವ್ಯಾಟ್‌ನ ನಾಲ್ಕು ದೀಪಗಳಾಗಿದ್ದರೆ ವರ್ಷದ ಬಳಕೆ ಸುಮಾರು 158 ಯೂನಿಟ್, ಖರ್ಚು 1,104 ರೂ. ಮಾತ್ರ. ಹೊಸ ತಂತ್ರಜ್ಞಾನದ ಉಳಿತಾಯದ ಮೇಲೆ ಸರಿಯಾದ ಸ್ಥಳದ ಉಳಿತಾಯವೂ ಸೇರಿತು.

ಆ ನಾಲ್ಕರಲ್ಲಿ ಎರಡಕ್ಕೆ, ಅಂದರೆ ಓಣಿಗೂ ಷೆಡ್ಡಿನ ಬಾಗಿಲಿಗೂ, ಚಲನೆ ಗುರುತಿಸುವ ಸೆನ್ಸರ್ ಅಳವಡಿಸಿ, ಅವು ದಿನಕ್ಕೆ ಒಟ್ಟು ಒಂದು ಗಂಟೆ ಉರಿಯುವುದೆಂದರೆ ಖರ್ಚು ಸುಮಾರು 600 ರೂ.ಗೆ ಇಳಿಯುತ್ತದೆ. ಸೆನ್ಸರ್ ಒಂದಕ್ಕೆ 400 ರೂ. ಎಂದರೂ ಒಂದೂವರೆ ವರ್ಷದ ಆಸುಪಾಸಿನಲ್ಲಿ ಹಾಕಿದ ಹಣ ಮರಳುತ್ತದೆ. ಮೆಟ್ಟಿಲಿನ ದೀಪಕ್ಕೆ ಮಾತ್ರ ಸೆನ್ಸರ್ ಬೇಡ. ವಯಸ್ಸಾದವರ ಕಾಲು ಮೆಟ್ಟಿಲ ಮೇಲೆ ಬಿದ್ದ ನಂತರ ದೀಪ ಹತ್ತಿದರೆ ಪ್ರಯೋಜನವಿಲ್ಲ; ವರ್ಷಕ್ಕೆ 276 ರೂ. ಉಳಿಸಲು ಹೋಗಿ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಗೆ ಹಣ ಕಟ್ಟುವುದು ಯಾವ ಲೆಕ್ಕಶಾಸ್ತ್ರಕ್ಕೂ ಒಪ್ಪುವುದಿಲ್ಲ.

ಎಲ್.ಇ.ಡಿ. ದೀಪ 25,000 ಗಂಟೆ ಬಾಳುವುದೆಂದು ಪೊಟ್ಟಣ ಹೇಳುತ್ತದೆ. ರಾತ್ರಿಗೆ 12 ಗಂಟೆಯಂತೆ ಇದು ಐದೂವರೆ ವರ್ಷ ದಾಟಬೇಕು. ವಾಸ್ತವದಲ್ಲಿ ಮೊದಲು ಕೆಡುವುದು ದೀಪದೊಳಗಿನ ಡ್ರೈವರ್. ಅದರ ಶತ್ರುಗಳು ಶಾಖ ಮತ್ತು ವೋಲ್ಟೇಜಿನ ಏರಿಳಿತ. ಗಾಳಿಯಾಡದ ಹಳೆಯ ಗಾಜಿನ ಗೋಳದೊಳಗೆ ಸಾಮಾನ್ಯ ಎಲ್.ಇ.ಡಿ. ಬಲ್ಬು ಸಿಕ್ಕಿಸಿ, ಬೇಗ ಸುಟ್ಟುಹೋಯಿತೆಂದು ಕಂಪನಿಯನ್ನು ದೂರುವವರು ಬಹಳ. ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ ಇಲ್ಲದ ದೀಪವನ್ನು, ಬೆಲೆ ಎಷ್ಟೇ ಅಗ್ಗವಾಗಿದ್ದರೂ, ಕೊಳ್ಳಬಾರದು.

ಸೌರ ದೀಪಗಳಿಗೆ ತಂತಿ ಎಳೆಯುವ ಖರ್ಚಿಲ್ಲ. ಆದರೆ ಮಾವಿನ ಮರದ ನೆರಳಿನಲ್ಲಿ ಅಥವಾ ಮಲೆನಾಡಿನ ಆಷಾಢದ ಮೋಡದಡಿಯಲ್ಲಿ ಅವು ನಡುರಾತ್ರಿಗೆ ಮೊದಲೇ ಮಂಕಾಗುತ್ತವೆ. ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಗೇಟಿನ ಕಂಬಕ್ಕೆ ಸರಿ, ಮೆಟ್ಟಿಲಿಗೆ ಅದನ್ನೊಂದನ್ನೇ ನಂಬುವಂತಿಲ್ಲ.

ಮಳೆ ಮತ್ತು ವಿದ್ಯುತ್ತು

ಹೊರಾಂಗಣ ದೀಪದ ಮೇಲೆ ಐ.ಪಿ. ಎಂಬ ಅಕ್ಷರಗಳ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಧೂಳಿನಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆ. ಐ.ಪಿ. 44 ಎಂದರೆ ನೀರು ಸಿಡಿದರೆ ತಡೆಯುತ್ತದೆ. ಮುಚ್ಚಿದ ಜಗುಲಿಗೆ ಸಾಕು. ಬಯಲಿಗೆ ಐ.ಪಿ. 65 ಬೇಕು. ಅಂಗಳದ ನೆಲದಲ್ಲಿ ಹೂಳುವ ದೀಪಕ್ಕೆ ನೀರು ನಿಲ್ಲುವ ಸಂಭವವಿರುವುದರಿಂದ ಐ.ಪಿ. 67 ಅವಶ್ಯಕ.

ದೀಪ ಎಷ್ಟೇ ಒಳ್ಳೆಯದಾದರೂ ತಂತಿಯನ್ನು ತೆಂಗಿನ ಮರಕ್ಕೆ ಮೊಳೆ ಹೊಡೆದು ಎಳೆದು, ಜೋಡಣೆಗೆ ಟೇಪು ಸುತ್ತಿ ಬಿಟ್ಟರೆ ಅಪಾಯ ತಪ್ಪುವುದಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವನು ಸೋರಿಕೆಯಿರುವ ಕಬ್ಬಿಣದ ದೀಪಕಂಬ ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಅಂಗಳದ ದೀಪಗಳಿಗೆ ಪ್ರತ್ಯೇಕ ಸರ್ಕ್ಯೂಟು, ಅದಕ್ಕೆ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಮತ್ತು ಸರಿಯಾದ ಅರ್ಥಿಂಗ್, ಈ ಮೂರರಲ್ಲಿ ಯಾವುದನ್ನೂ ಬಿಡುವಂತಿಲ್ಲ. ಪೇಟೆಯಲ್ಲಿ ಈ ಉಪಕರಣವನ್ನು ಈಗಲೂ ಇ.ಎಲ್.ಸಿ.ಬಿ. ಎಂದೇ ಕೇಳುವುದುಂಟು. ದೀಪದ ಖರ್ಚಿಗಿಂತ ಇದರ ಖರ್ಚೇ ಹೆಚ್ಚಾಯಿತೆಂದು ಗೊಣಗುವ ಮಾಲೀಕನು, ಕೆಲಸದ ವೇಳೆಯಲ್ಲಿ ಹಮಾಲನಿಗೆ ಅಪಘಾತವಾದರೆ ಪರಿಹಾರದ ಹೊಣೆ ತನ್ನ ಮೇಲೆಯೇ ಬರಬಹುದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯಾವ ಮೀಟರಿನಿಂದ?

ಬಹಳ ಮಂದಿ ಗಮನಿಸದ ವಿಷಯ ಇದು. ಮನೆಗೆ ಗೃಹಬಳಕೆಯ ಮೀಟರು, ಷೆಡ್ಡಿಗೆ ವಾಣಿಜ್ಯ ಅಥವಾ ಕೈಗಾರಿಕೆಯ ಮೀಟರು ಇರುವಲ್ಲಿ, ಷೆಡ್ಡಿನ ಮುಂದಿನ ದೀಪಕ್ಕೆ ಹತ್ತಿರವಿದೆಯೆಂದು ಮನೆಯಿಂದ ತಂತಿ ಎಳೆಯುತ್ತಾರೆ. ಕೆಲವು ತಿಂಗಳಲ್ಲಿ ಅದೇ ತಂತಿಗೆ ಒಂದು ಪ್ಲಗ್ ಪಾಯಿಂಟ್ ಬರುತ್ತದೆ. ಆಮೇಲೆ ಆ ಪಾಯಿಂಟಿಗೆ ಪ್ಲಾಸ್ಟಿಕ್ ಚೀಲ ಮುಚ್ಚುವ ಸೀಲಿಂಗ್ ಯಂತ್ರ ಬರುತ್ತದೆ. ಮಂಜೂರಾದ ಉದ್ದೇಶಕ್ಕೆ ಹೊರತಾಗಿ ವಿದ್ಯುತ್ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆ. ಅನ್ವಯವಾಗುವ ವರ್ಗದ ದರದ ಎರಡು ಪಟ್ಟಿನಂತೆ ನಿರ್ಧರಣೆಯಾಗುತ್ತದೆ. ಬಳಕೆ ಯಾವಾಗ ಆರಂಭವಾಯಿತೆಂದು ಖಚಿತಪಡಿಸಲಾಗದಿದ್ದರೆ ತಪಾಸಣೆಯ ಹಿಂದಿನ 12 ತಿಂಗಳ ಅವಧಿಗೆ ಲೆಕ್ಕ ಹಾಕುತ್ತಾರೆ. ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು, ಆದರೆ ನಿರ್ಧರಿಸಿದ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು. ಷೆಡ್ಡಿನ ಬಾಗಿಲಿನ ದೀಪ ಷೆಡ್ಡಿನ ಮೀಟರಿನಿಂದಲೇ ಬರಲಿ.

ಇನ್ನು ತೆರಿಗೆಯ ಮಾತು. ಎಲ್.ಇ.ಡಿ. ದೀಪಗಳ ಮೇಲಿನ ಜಿ.ಎಸ್.ಟಿ. 2022ರ ಜುಲೈ 18ರಿಂದ ಶೇ. 12ರಿಂದ ಶೇ. 18ಕ್ಕೆ ಏರಿತು. ಮನೆಯ ಅಂಗಳಕ್ಕೆ ಕೊಂಡ ದೀಪ ಸ್ವಂತ ಉಪಯೋಗದ್ದಾದುದರಿಂದ ಅದಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಒಂದೇ ಓಣಿ ಎರಡಕ್ಕೂ ಬಳಕೆಯಾಗುತ್ತಿದ್ದರೆ ವ್ಯವಹಾರದ ಪಾಲಿಗಷ್ಟೇ ಕ್ರೆಡಿಟ್. 8,000 ರೂ. ಸಾಮಗ್ರಿಗೆ ತೆರಿಗೆ 1,440 ರೂ.; ಅರ್ಧ ಪಾಲೆಂದರೆ 720 ರೂ. ಇಷ್ಟಕ್ಕಾಗಿ ಇಡೀ ಬಿಲ್ಲನ್ನು ಸಂಸ್ಥೆಯ ಹೆಸರಿಗೆ ಮಾಡಿಸಿ ಪೂರ್ತಿ ಕ್ರೆಡಿಟ್ ತೆಗೆದುಕೊಂಡು, ಮುಂದೆ ಬಡ್ಡಿಸಹಿತ ಹಿಂದಿರುಗಿಸುವುದು ಜಾಣತನವಲ್ಲ. ಅಂಗಡಿಯಲ್ಲೇ ಎರಡು ಬಿಲ್ಲು ಮಾಡಿಸುವುದು ಎಲ್ಲಕ್ಕಿಂತ ಸುಲಭ: ಮನೆಯ ದೀಪಗಳಿಗೆ ಮಾಲೀಕನ ಹೆಸರಿನಲ್ಲಿ ಒಂದು, ಷೆಡ್ಡಿನವಕ್ಕೆ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆಯೊಂದಿಗೆ ಇನ್ನೊಂದು.

ಬಿಲ್ಲುಗಳನ್ನು ಫೈಲಿಗೆ ಹಾಕುವ ದಿನವೇ ಪ್ರತಿ ದೀಪದ ಬುಡದಲ್ಲಿ ಅಳವಡಿಸಿದ ದಿನಾಂಕವನ್ನು ಮಾರ್ಕರ್ ಪೆನ್ನಿನಿಂದ ಬರೆದಿಡಬೇಕು. ವಾರಂಟಿಯ ಅವಧಿಯಲ್ಲಿ ಕೆಟ್ಟ ದೀಪಗಳಲ್ಲಿ ಎಷ್ಟೋ, ಯಾವಾಗ ಕೊಂಡದ್ದೆಂದು ನೆನಪಿಲ್ಲದ ಕಾರಣಕ್ಕೇ ಕಸದ ಬುಟ್ಟಿ ಸೇರುತ್ತವೆ.